ಹಿಂದಿನ ಎಡ ಚಕ್ರದ ಹನಿ

ಮರುದಿನ ಅಮ್ಮನನ್ನು ಶೃಂಗೇರಿಗೆ ಕರೆದೊಯ್ಯಬೇಕಿತ್ತು. ಸಂಜೆ ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಕೆಳಗಿನ ಗೆರೆಗಿಂತಲೂ ಇಳಿದಿತ್ತು. ಪೆಡಲ್ ಒತ್ತಿ ಹಿಡಿದರೆ ಕಾಲು ಮೆಲ್ಲಗೆ ಕೆಳಕ್ಕೆ ಜಾರುತ್ತಿತ್ತು. ಈ ಕಾರಿನಲ್ಲಿ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವುದೇ? ಎದೆ ಧಸಕ್ಕೆಂದಿತು. ಪ್ರಯಾಣವನ್ನು ಒಂದು ದಿನ ಮುಂದೂಡಿದೆ.

ಬೆಳಿಗ್ಗೆ ಜ್ಯಾಕ್ ಏರಿಸಿ, ಅದೊಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟು ಅಡಿಗೆ ಹೋದೆ. ಹಿಂದಿನ ಎಡ ಚಕ್ರದ ಬಳಿ, ಕಬ್ಬಿಣದ ಪೈಪು ರಬ್ಬರ್ ಹೋಸಿಗೆ ಸೇರುವ ನಟ್ಟಿನಲ್ಲಿ ಹನಿ ತೂಗುತ್ತಿತ್ತು. ಕುಂದಾಪುರದ ಉಪ್ಪುಗಾಳಿಗೆ ಇಪ್ಪತ್ತು ವರ್ಷ ಮೈಯೊಡ್ಡಿದ ಪೈಪು. ನಟ್ಟಿನ ಸುತ್ತ ನಲ್ಲಿಗೆ ಸುತ್ತುವ ಬಿಳಿ ಟೇಪು! ಹಿಂದೆ ಯಾರೋ ಸೋರಿಕೆಯನ್ನು ಹೀಗೆ ಮುಚ್ಚಲು ನೋಡಿದ್ದರು. ನನಗೆ ನಿಜಕ್ಕೂ ಸಿಟ್ಟು ಬಂತು. ಇಲ್ಲಿ ಆಯಿಲನ್ನು ತಡೆಯುವುದು ನಟ್ಟಿನ ತಿರುಪು ಗೆರೆಗಳಲ್ಲ. ಪೈಪಿನ ಅರಳಿಸಿದ ಬಾಯಿ ಒಳಗಿನ ಇಳಿಜಾರಿಗೆ ಒತ್ತಿ ಕೂರಬೇಕು. ನಟ್ಟು ಅದನ್ನು ಅಲ್ಲಿ ಹಿಡಿದಿಡುತ್ತದೆ, ಅಷ್ಟೆ. ಟೈರಿನಲ್ಲಿರುವುದು ಸುಮಾರು ಎರಡು ಬಾರ್ ಒತ್ತಡ. ಜೋರಾಗಿ ಬ್ರೇಕ್ ಒತ್ತಿದಾಗ ಈ ಸಣ್ಣ ಪೈಪಿನಲ್ಲಿ ಅದರ ಹತ್ತಾರು ಪಟ್ಟು ಒತ್ತಡ ಏಳುತ್ತದೆ. ಅದರೆದುರು ಟೇಪು ಎಷ್ಟರದು? ಹನಿ ಕಂಡಷ್ಟೂ ಬಿಗಿ ಮಾಡುತ್ತ ಹೋದರೆ ಆ ತೆಳ್ಳಗಿನ ಬಾಯಿಯೇ ಸೀಳುತ್ತದೆ. ಇಲ್ಲಿ ಸೀಳಿಯೇ ಇತ್ತು.

ಸಾಮಾನ್ಯ ಸ್ಪ್ಯಾನರ್ ನಟ್ಟಿನ ಮೂಲೆಗಳನ್ನು ತಿಂದುಹಾಕುತ್ತದೆಂದು, ಪೈಪು ದಾಟುವಷ್ಟೇ ಬಾಯಿ ಬಿಟ್ಟ ರಿಂಗ್ ಸ್ಪ್ಯಾನರ್ ಹಾಕಿದೆ. ಆದರೂ ನಟ್ಟು ತುಕ್ಕಿನಲ್ಲಿ ಪೈಪಿಗೇ ಕಚ್ಚಿಕೊಂಡು ಅದನ್ನೂ ತಿರುಚಿತು. ಹೊಸ ಪೈಪನ್ನೇ ತಂದೆ. ತಾಮ್ರದ ಪೈಪು ಬಗ್ಗಿಸಲು ಸುಲಭ, ಆದರೆ ಅದುರಿ ಅದುರಿ ಬಿರುಕು ಬಿಡುತ್ತದೆ. ಹಾಗಾಗಿ ಉಕ್ಕಿನದೇ ಬೇಕೆಂದೆ. ತುದಿಯನ್ನು ನೇರವಾಗಿ ಕತ್ತರಿಸಿ, ಒಳಗಿನ ಮುಳ್ಳು ಕೆರೆದು, ನಟ್ಟನ್ನು ಮೊದಲೇ ತೂರಿಸಿ, ಫ್ಲೇರಿಂಗ್ ಟೂಲಿನಲ್ಲಿ ಬಾಯಿಯನ್ನು ಉಬ್ಬಿಸಿದೆ. ಮತ್ತೆ ಅದನ್ನು ಒಳಕ್ಕೆ ಮಡಿಚಿದೆ. ಹೀಗೆ ಎರಡು ಪದರ ಬಂದರೇ ಉಕ್ಕಿನ ಬಾಯಿ ಸೀಳದೆ ಉಳಿಯುವುದು. ಮೊದಲನೆಯದು ಒಂದು ಕಡೆಗೆ ವಾಲಿತು. ಕತ್ತರಿಸಿ ಎಸೆದೆ. ಎರಡನೆಯದು ಸುತ್ತಲೂ ಸಮವಾಗಿ ಬಂದಾಗ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ.

ಇನ್ನು ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಅರ್ಧ ಉಳಿದ ಹಳೆಯ ಡಬ್ಬಿಯನ್ನು ಮುಟ್ಟಲಿಲ್ಲ. ಬ್ರೇಕ್ ಆಯಿಲ್ ನಮ್ಮ ಕರಾವಳಿಯ ತೇವವನ್ನು ಹೀರುತ್ತದೆ, ತೇವ ಹೀರಿದ್ದು ಘಾಟಿಯಲ್ಲಿ ಬ್ರೇಕ್ ಒತ್ತಿ ಒತ್ತಿ ಏರುವ ಬಿಸಿಗೆ ಬೇಗ ಕುದಿಯುತ್ತದೆ. ಹೊಸ ಡಬ್ಬಿ ಒಡೆದೆ. ಸ್ಟೀರಿಂಗಿನ ಮುಂದೆ ಅಮ್ಮನನ್ನು ಕೂರಿಸಿದೆ.

"ಒತ್ತಿ ಹಿಡಿ ಅಮ್ಮಾ."

"ಹಿಡಿದಿದ್ದೇನೆ."

ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿದರೆ ಗುಳ್ಳೆಗಳು. ಬಿಗಿದ ಮೇಲೆ "ಈಗ ಬಿಡು". ಇಪ್ಪತ್ತು ಸಲವಾದರೂ ಆಗಿರಬೇಕು. ಕಡೆಗೆ ಅಮ್ಮ ತಾನಾಗಿಯೇ, "ಈಗ ಕಾಲಿಗೆ ಗಟ್ಟಿಯಾಗಿ ಸಿಗುತ್ತಿದೆ ನೋಡು, ಹಿಟ್ಟು ಹದಕ್ಕೆ ಬಂದ ಹಾಗೆ" ಎಂದಳು. ಬಣ್ಣ ತಿನ್ನದಿರಲೆಂದು ಚೆಲ್ಲಿದ ಆಯಿಲನ್ನು ನೀರಿನಲ್ಲಿ ತೊಳೆದು, ನಟ್ಟಿನ ಅಡಿಗೆ ಒಣ ಪತ್ರಿಕೆ ಹಾಸಿದೆ. ಬೆಳಗಾದಾಗ ಅದು ಹಾಗೆಯೇ ಒಣಗಿತ್ತು.

ಹಿಂದಿರುಗುವಾಗ ಘಾಟಿಯನ್ನು ಎರಡನೇ ಗೇರಿನಲ್ಲೇ ಇಳಿದೆವು. ಘಾಟಿಯ ಬುಡದ ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ, ಮಣ್ಣಿನ ಮೇಲೆ ಮಲಗಿ ನಟ್ಟನ್ನು ಬೆರಳಿನಿಂದ ಒರೆಸಿದೆ. ಬೆರಳಿಗೆ ಧೂಳಷ್ಟೇ ಹತ್ತಿತು.