ಪಕ್ಕದ ಖಾಲಿ ಜಾಗದ ಮೊಲ

18 ಆಗಸ್ಟ್ 2024, ಭಾನುವಾರ ರಾತ್ರಿ

ಮಧ್ಯಾಹ್ನ ಊಟ ಆದಮೇಲೆ ಅಮ್ಮನ ಜೊತೆ ಕೂತು ‘ಹಾರ್ವೆ’ ನೋಡಿದೆ. 1950ರ ಕಪ್ಪು-ಬಿಳುಪು ಅಮೆರಿಕನ್ ಸಿನಿಮಾ. ನನಗೆ ಇದು ಮೂರನೇ ಸಲ, ಅಮ್ಮನಿಗೆ ಮೊದಲನೆಯದು.

ಎಲ್ವುಡ್ ಅಂತ ಒಬ್ಬ ಸಾಧು ಮನುಷ್ಯ. ಅವನ ಗೆಳೆಯ ಆರಡಿ ಮೂರೂವರೆ ಇಂಚಿನ ಬಿಳಿ ಮೊಲ. ನಮಗೆ ಅದು ಕಾಣುವುದೇ ಇಲ್ಲ. ಹತ್ತು ನಿಮಿಷ ಆದಮೇಲೆ ಅಮ್ಮ, “ಮೊಲ ಯಾವಾಗ ಬರುತ್ತೆ?” ಅಂದಳು. “ಬಂದಾಯ್ತಲ್ಲಮ್ಮ, ಅವನ ಪಕ್ಕದಲ್ಲೇ ಇದೆ” ಅಂದೆ. ಆಮೇಲೆ ಅವಳೂ ಆ ಖಾಲಿ ಜಾಗವನ್ನೇ ನೋಡತೊಡಗಿದಳು.

ಎಲ್ವುಡ್ ಪಾತ್ರದ ಜೇಮ್ಸ್ ಸ್ಟೀವರ್ಟ್ ಮಾಡಿರುವುದು ಅಷ್ಟೇ ಅಲ್ವಾ? ಗೇಟು ತೆಗೆದು ಮೊಲವನ್ನು ಮೊದಲು ಬಿಡುತ್ತಾನೆ, ಬಾರಿನಲ್ಲಿ ಎರಡು ಗ್ಲಾಸ್ ಹೇಳುತ್ತಾನೆ, ಮಾತಾಡುವಾಗ ಕತ್ತೆತ್ತಿ ಮೊಲದ ಮುಖ ಇರುವಲ್ಲಿಗೇ ನೋಡುತ್ತಾನೆ. ಸಿಕ್ಕವರನ್ನೆಲ್ಲ ಊಟಕ್ಕೆ ಕರೆಯುವಾಗಲೂ ಅದೇ ಮರ್ಯಾದೆ.

ಎಲ್ವುಡ್‌ನ ಅಕ್ಕ ವೀಟಾಗೆ ಮಾತ್ರ ಇದರಿಂದ ಸಾಕಾಗಿ ಹೋಗಿದೆ. ತಮ್ಮನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲು ಹೋಗುತ್ತಾಳೆ. ಅಲ್ಲಿ, ಒಮ್ಮೊಮ್ಮೆ ನನಗೂ ಆ ಮೊಲ ಕಾಣುತ್ತೆ ಅಂತ ಬಾಯಿಬಿಡುತ್ತಾಳೆ, ಡಾಕ್ಟರು ಅವಳನ್ನೇ ಒಳಗೆ ಹಾಕಿಸುತ್ತಾರೆ! ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಈ ಪಾತ್ರಕ್ಕೆ ಜೋಸೆಫಿನ್ ಹಲ್ ಆಸ್ಕರ್ ಪಡೆದರು. ಮೇರಿ ಚೇಸ್ ಬರೆದ ಮೂಲ ನಾಟಕಕ್ಕೂ 1945ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ವೀಟಾ ಆಗಿದ್ದವರೂ ಹಲ್ ಅವರೇ.

ನನಗೆ ಜಾಸ್ತಿ ಇಷ್ಟವಾಗುವುದು ಕೊನೆಯಲ್ಲಿ ಬರುವ ಟ್ಯಾಕ್ಸಿ ಡ್ರೈವರ್. ಎಲ್ವುಡ್‌ಗೆ ಇಂಜೆಕ್ಷನ್ ಕೊಡುವ ಹೊತ್ತು, ಅದು ಕೊಟ್ಟರೆ ಮೊಲ ಕಾಣುವುದು ನಿಂತುಹೋಗುತ್ತೆ. ಅಷ್ಟರಲ್ಲಿ ಬಾಡಿಗೆ ಕೊಡಲು ವೀಟಾಗೆ ಚಿಲ್ಲರೆ ಪರ್ಸ್ ಸಿಗುವುದಿಲ್ಲ, ದುಡ್ಡಿಗೆ ತಮ್ಮನನ್ನೇ ಆಚೆ ಕರೆಯಬೇಕಾಗುತ್ತೆ, ಎಲ್ವುಡ್ ಡ್ರೈವರ್‌ನನ್ನೂ ಪ್ರೀತಿಯಿಂದ ಮಾತಾಡಿಸಿ ಒಳಗೆ ಹೋಗುತ್ತಾನೆ. ಆಗ ಡ್ರೈವರ್ ವೀಟಾಗೆ ಹೇಳುತ್ತಾನೆ: ಇಲ್ಲಿಗೆ ಬರುವಾಗ ಈ ರೋಗಿಗಳೆಲ್ಲ ಗಾಡಿ ನಿಲ್ಲಿಸಿ ಸೂರ್ಯ ಮುಳುಗುವುದನ್ನು ನೋಡುತ್ತಾರೆ, ಹಕ್ಕಿ ಇಲ್ಲದಿದ್ದರೂ ಹಕ್ಕಿ ನೋಡುತ್ತಾರೆ. ಇಂಜೆಕ್ಷನ್ ಆಗಿ ವಾಪಸ್ ಹೋಗುವಾಗ ಬರೀ ರೇಗಾಟ, ಬ್ರೇಕ್ ನೋಡು, ಸಿಗ್ನಲ್ ನೋಡು ಅಂತ.

ಅವನ ಮಾತು ಅಮ್ಮನಿಗೆ ಪೂರ್ತಿ ತಿಳಿಯಲಿಲ್ಲ. ಸಿನಿಮಾ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಆಮೇಲೆ ವೀಟಾ ಕೂಗುತ್ತಾ ಬಾಗಿಲಿಗೆ ಓಡುವ ತನಕ ಅವಳು ಸುಮ್ನೆ ಕೂತಿದ್ದಳು.

“ಅಬ್ಬ, ತಡೆದಳಲ್ಲ” ಅಂದಳು.