ಅಪ್ಪನ ಗಿಳಿ ಅಮ್ಮನ ಕೈಗೆ ಬಂದಿದ್ದು

ನಮ್ಮನೆ ಚಿಂಟು ಆಫ್ರಿಕನ್ ಗ್ರೇ ಜಾತಿಯ ಗಿಳಿ. ಮೈಯೆಲ್ಲ ಬೂದು ಬಣ್ಣ, ಬಾಲ ಮಾತ್ರ ಕೆಂಪು. ಅದಕ್ಕೆ ಅಪ್ಪ ಅಂದ್ರೆ ಪ್ರಾಣ. ಹೆಗಲ ಮೇಲೆ ಕೂತು ಅವರ ಕಿವಿ, ಕನ್ನಡಕ, ಅಂಗಿಯ ಗುಂಡಿ ಎಲ್ಲವನ್ನೂ ಕೊಕ್ಕಿನಲ್ಲಿ ಮೆಲ್ಲಗೆ ಮುಟ್ಟಿ ಮುಟ್ಟಿ ನೋಡುತ್ತದೆ. ಅದೇ ಅಮ್ಮ ಹತ್ತಿರ ಬಂದರೆ ಸಾಕು, ಅದರ ವರಸೆಯೇ ಬದಲಾಗುತ್ತಿತ್ತು.

ಮರಿಯಾಗಿದ್ದಾಗ ಹೀಗಿರಲಿಲ್ಲ. ಯಾರು ಕೈ ಚಾಚಿದರೂ ಬರುತ್ತಿತ್ತು. 5 ವರ್ಷದ ಹೊತ್ತಿಗೆ ಈ ಜಗಳ ಶುರುವಾಯಿತು. ಪ್ರಾಯಕ್ಕೆ ಬಂದ ಗಿಳಿ ಜೋಡಿ ಹುಡುಕುತ್ತದೆ, ಬೇರೆ ಗಿಳಿ ಇಲ್ಲದ ಮನೆಯಲ್ಲಿ ಎಷ್ಟೋ ಸಲ ಮನುಷ್ಯರಲ್ಲೇ ಒಬ್ಬರನ್ನು ಆರಿಸಿಕೊಂಡುಬಿಡುತ್ತದೆ. ಆಮೇಲೆ ಅವರ ಹತ್ತಿರ ಸುಳಿಯುವವರೆಲ್ಲ ಅದರ ಲೆಕ್ಕದಲ್ಲಿ ಪೈಪೋಟಿಗೆ ಬಂದವರೇ.

ಒಂದು ಸಂಜೆ ಅಮ್ಮ ಅಪ್ಪನಿಗೆ ನೀರಿನ ಲೋಟ ಕೊಡಲು ಕೈ ಚಾಚಿದರು. ಚಿಂಟು ಅಪ್ಪನ ಹೆಗಲಿಂದ ತೋಳಿನ ಮೇಲೆ ಓಡಿ ಬಂದು ಅಮ್ಮನ ತೋರುಬೆರಳು ಹಿಡಿದುಬಿಟ್ಟಿತು. ಸುಮ್ನೆ ಕುಕ್ಕಿ ಬಿಡುವ ಕಚ್ಚಲ್ಲ ಅದು. ಉಗುರಿನ ಪಕ್ಕ ಕೊಕ್ಕು ಒತ್ತಿ ಹಿಡಿದು ತಿರುಚಿತು. ಅಪ್ಪ ಬಿಡಿಸಲು ಹೋದರೆ ಅವರ ಕೈಗೂ ಕಚ್ಚಿತು. ಬೆರಳು ಸೀಳಿ ರಕ್ತ ಸುರಿಯುತ್ತಿತ್ತು. ಅಮ್ಮ ಕೂಗಾಡಲಿಲ್ಲ. ಬಟ್ಟೆ ಸುತ್ತಿಕೊಂಡು, "ರೀ, ಇನ್ನು ನನ್ನ ಕೈಲಾಗಲ್ಲ. ಇದನ್ನ ಯಾರಿಗಾದ್ರೂ ಕೊಟ್ಟುಬಿಡಿ" ಅಂದರು. ಅಪ್ಪ ಏನೂ ಹೇಳಲಿಲ್ಲ.

ನನಗೆ ಇಬ್ಬರ ಮುಖ ನೋಡಿಯೂ ಸಂಕಟವಾಯಿತು. ಈ ಜಾತಿಯ ಗಿಳಿಗಳು ಚೆನ್ನಾಗಿ ನೋಡಿಕೊಂಡರೆ 40 ವರ್ಷ, 50 ವರ್ಷ ಬದುಕುತ್ತವೆ. ಜೋಡಿ ಅಂತ ನಂಬಿದವರನ್ನು ಬಿಡಿಸಿ ಕಳಿಸಿದರೆ ಅದರ ಗತಿ ಏನು? ಹಾಗಂತ ಅಮ್ಮ ತನ್ನ ಮನೆಯಲ್ಲೇ ಹೆದರಿಕೊಂಡು ಓಡಾಡಬೇಕಾ?

ಮೊದಲು ಹಕ್ಕಿಗಳ ಡಾಕ್ಟರಿಗೆ ತೋರಿಸಿದೆವು. ಹಕ್ಕಿಗಳು ಕಾಯಿಲೆಯನ್ನು ಮುಚ್ಚಿಡುತ್ತವೆ, ನೋವಿದ್ದರೂ ಕಚ್ಚುತ್ತವೆ. ಚಿಂಟುಗೆ ಅಂಥದ್ದೇನೂ ಇರಲಿಲ್ಲ. ಅವರು ಕೇಳಿದ್ದು, "ಎಲ್ಲಿ ಸವರ್ತೀರಿ?" ಅಂತ. ಬೆನ್ನು, ರೆಕ್ಕೆಯ ಕೆಳಗೆ ಸವರಿದರೆ ಗಿಳಿ ಅದನ್ನು ಜೋಡಿಯ ಸಲಿಗೆ ಅಂತಲೇ ತಿಳಿಯುತ್ತದಂತೆ. ತಲೆ, ಕತ್ತು ಅಷ್ಟೇ ಸಾಕು ಅಂದರು. ರಾತ್ರಿ 10ರಿಂದ 12 ಗಂಟೆ ಕತ್ತಲಲ್ಲಿ ನಿದ್ದೆ ಬೇಕು, ಗೂಡಿನ ಹಾಗೆ ಅನಿಸುವ ರಟ್ಟಿನ ಡಬ್ಬ, ಸೋಫಾದ ಸಂದಿ ಯಾವುದೂ ಅದಕ್ಕೆ ಸಿಗಬಾರದು, ಸದ್ಯಕ್ಕೆ ಹೆಗಲ ಮೇಲೆ ಕೂರಿಸುವುದು ಬೇಡ. ಅಪ್ಪನಿಗೆ ಕಷ್ಟವಾಗಿದ್ದು ಈ ಕೊನೆಯದು. ಆದರೂ ಮಾಡಿದರು.

ಇನ್ನು ಅಮ್ಮನ ಕೆಲಸ. ಚಿಂಟುಗೆ ಸೂರ್ಯಕಾಂತಿ ಬೀಜ ಅಂದ್ರೆ ಆಸೆ ಜಾಸ್ತಿ. ಅದನ್ನು ದಿನದ ಬಟ್ಟಲಿನಿಂದ ತೆಗೆದುಬಿಟ್ಟೆವು. ಬೀಜ ಸಿಗುವುದಿದ್ದರೆ ಅಮ್ಮನಿಂದ ಮಾತ್ರ, ಅದೂ ಅಪ್ಪ ಕೋಣೆಯಲ್ಲಿ ಇಲ್ಲದಾಗ. ಅಪ್ಪ ಎದುರಿಗಿಲ್ಲ ಅಂದ್ರೆ ಕಾವಲು ಕಾಯಬೇಕಾದ್ದೂ ಇಲ್ಲ, ಹಾಗಾಗಿ ಅದು ಅರ್ಧ ತಣ್ಣಗಿರುತ್ತಿತ್ತು. ಅಮ್ಮ ಪಂಜರದ ಪಕ್ಕ ಹಾದುಹೋಗುವಾಗ ಒಂದು ಬೀಜ ಹಾಕಿ, ನಿಲ್ಲದೆ ಮುಂದೆ ಹೋಗುತ್ತಿದ್ದರು. ಆಮೇಲೆ ಒಂದು ಕಡ್ಡಿ ತೋರಿಸುವುದು, ಅದರ ತುದಿಯನ್ನು ಚಿಂಟು ಕೊಕ್ಕಿನಿಂದ ಮುಟ್ಟಿದರೆ ಬೀಜ ಕೊಡುವುದು. ಕಡ್ಡಿ ಇದ್ದ ಕಡೆಗೆ ಅದು ತಾನಾಗಿಯೇ ನಡೆದು ಬರಲು ಕಲಿಯಿತು. ಕೈ ದೂರವೇ ಇರುವುದರಿಂದ ಅಮ್ಮನ ಹೆದರಿಕೆಯೂ ಸ್ವಲ್ಪ ಇಳಿಯಿತು.

ಕಚ್ಚುವ ಮೊದಲು ಗಿಳಿ ಸಾಮಾನ್ಯವಾಗಿ ಹೇಳುತ್ತದೆ. ಚಿಂಟುವಿನ ಹಳದಿ ಕಣ್ಣಿನ ನಡುವೆ ಪಾಪೆ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ, ತಕ್ಷಣ ದೊಡ್ಡದಾಗಿ, ಮತ್ತೆ ಚಿಕ್ಕದಾಗುತ್ತದೆ. ಕತ್ತಿನ ಹಿಂದಿನ ಗರಿ ನಿಲ್ಲುತ್ತದೆ. ಬಾಲ ಅಗಲವಾಗುತ್ತದೆ. ಅಷ್ಟು ಕಂಡರೆ ಅಮ್ಮ ಒಂದು ಹೆಜ್ಜೆ ಹಿಂದೆ ಸರಿದು, "ಬೇಡ್ವಾ? ಸರಿ ಬಿಡಪ್ಪ" ಅನ್ನುತ್ತಿದ್ದರು. ಹಿಂದೆ ಸರಿಯಬೇಡಿ, ಸರಿದರೆ ತಾನೇ ಗೆದ್ದೆ ಅಂದುಕೊಳ್ಳುತ್ತೆ ಅಂತ ಕೆಲವರು ಹೇಳಿದರು. ನಾನು ಅದನ್ನು ಒಪ್ಪುವುದಿಲ್ಲ. ಹೇಳಿದರೂ ಯಾರೂ ಕೇಳಲ್ಲ ಅಂತ ಗೊತ್ತಾದ ಗಿಳಿ ಹೇಳುವುದನ್ನೇ ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ಹೊಡೆಯುವುದು, ಗದರುವುದಂತೂ ಇರುವ ನಂಬಿಕೆಯನ್ನೂ ಕಳೆಯುತ್ತದೆ.

ಒಂದು ದಿನ ಬೆಳಿಗ್ಗೆ ಅಪ್ಪ ಹೊರಗೆ ಹೋಗಿದ್ದರು. ಅಮ್ಮ ಕಡ್ಡಿಯ ಪಕ್ಕ ಎಡಗೈ ಅಡ್ಡ ಹಿಡಿದರು. ಚಿಂಟು ನೋಡಿತು. ಬಗ್ಗಿ ಕೊಕ್ಕು ತೆರೆದು ಅಮ್ಮನ ಬೆರಳ ಮೇಲೆ ಇಟ್ಟಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಯಾಕೆಂದರೆ ಅದೇ ಕೈ, ಗಾಯದ ಕಲೆ ಇನ್ನೂ ಇತ್ತು. ಗಿಳಿ ಹತ್ತುವ ಮೊದಲು ಕೊಕ್ಕಿನಿಂದ ಜಾಗ ಗಟ್ಟಿಯಿದೆಯಾ ಅಂತ ನೋಡಿಕೊಳ್ಳುತ್ತದೆ. ಬಹಳ ಜನ ಕಚ್ಚಿತು ಅಂತ ಕೈ ಎಳೆದುಕೊಳ್ಳುವುದು ಇಲ್ಲೇ. ಅಮ್ಮ ಎಳೆದುಕೊಳ್ಳಲಿಲ್ಲ, ಕೈ ಅಲುಗಾಡಿಸಲೂ ಇಲ್ಲ. ಒಂದು ಕಾಲು ಬಂತು, ಇನ್ನೊಂದು ಬಂತು. ಮುಂದೆರಡು ಹಿಂದೆರಡು ಬೆರಳು ಸುತ್ತಿ ಬಿಗಿಯಾಗಿ ಹಿಡಿದು ನಿಂತಿತು. ಅಮ್ಮ ಬೀಜ ಕೊಟ್ಟು, ಅದಕ್ಕೆ ಬೇಜಾರಾಗುವ ಮೊದಲೇ ಸ್ಟ್ಯಾಂಡಿನ ಮೇಲೆ ಇಳಿಸಿದರು. ನನ್ನ ಕಡೆ ತಿರುಗಿ, "ಎಷ್ಟು ಬಿಸಿ ಇದೆಯಲ್ಲೇ ಇದರ ಕಾಲು!" ಅಂದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅಮ್ಮನಿಗೆ ಅದು ಮರೆತೇಹೋಗಿತ್ತು.

ಅಪ್ಪ ಎದುರಿಗಿದ್ದಾಗ ಈಗಲೂ ಅಮ್ಮನ ಕೈಗೆ ಬರುವುದಿಲ್ಲ. ಅಮ್ಮ ಕೋಣೆಗೆ ಬರುವಾಗ ಅಪ್ಪ ಅದನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಎದ್ದುಹೋಗುತ್ತಾರೆ, ಅಮ್ಮ ಬೀಜ ಕೊಟ್ಟ ಮೇಲೆ ವಾಪಸ್ ಬರುತ್ತಾರೆ. ಕೊಟ್ಟುಬಿಡಿ ಅನ್ನುವ ಮಾತು ಮತ್ತೆ ಬಂದಿಲ್ಲ. ಮುಂದಿನ ವಾರ ತಂಗಿ ಮಗುವನ್ನು ಕರೆದುಕೊಂಡು ಬರುತ್ತಿದ್ದಾಳೆ. ಮಗು ಮನೆಯಲ್ಲಿ ಇರುವಷ್ಟು ಹೊತ್ತೂ ಚಿಂಟು ಪಂಜರದ ಒಳಗೇ, ಪಂಜರ ಬೇರೆ ಕೋಣೆಯಲ್ಲಿ. ಅಪ್ಪ ಎಷ್ಟು ಕೇಳಿಕೊಂಡರೂ ನಾನು ಅದನ್ನು ಬದಲಾಯಿಸುವುದಿಲ್ಲ.