ಪಟ್ಟಿಯಲ್ಲಿ ಅವನ ಹೆಸರು

ಶಿರಸಿ ತಾಲ್ಲೂಕಿನ ಗಣಿತ ಸ್ಪರ್ಧೆಗೆ ನಮ್ಮ ಶಾಲೆಯಿಂದ ಏಳನೇ ತರಗತಿಯ ಸಿದ್ದಿ ಹುಡುಗನ ಹೆಸರು ಬರೆದೆ. ಭಿನ್ನರಾಶಿಯೆಂದರೆ ಅವನಿಗೆ ಹಬ್ಬ. ಅಡಿಕೆ ಸುಲಿಯುವ ಅವ್ವನ ಕೂಲಿಯ ಲೆಕ್ಕವನ್ನೂ ಅವನೇ ಇಡುತ್ತಾನೆ. ಪಟ್ಟಿ ನೋಡಿದ ಸಹೋದ್ಯೋಗಿಯೊಬ್ಬರು, “ಇವನನ್ನು ಓಟಕ್ಕೆ ಹಾಕಿ, ಅವರಿಗೆ ಅದು ರಕ್ತದಲ್ಲೇ ಬಂದದ್ದು” ಎಂದರು. ಹುಡುಗ ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತಿದ್ದ. ತಲೆ ತಗ್ಗಿಸಿದ.

ನನಗೆ ಮೈಯೆಲ್ಲ ಉರಿಯಿತು. ಇವನ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ನೂರಾರು ವರ್ಷ ಇದೇ ಮಣ್ಣಿನಲ್ಲಿ ದುಡಿದ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆಯ್ದು ಓಟ ಕಲಿಸಿತು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಆ ಮಕ್ಕಳ ಕಾಲನ್ನು ನೋಡಿದ ನಾವು ಅವರ ನೋಟುಪುಸ್ತಕವನ್ನು ಎಂದಾದರೂ ತೆರೆದು ನೋಡಿದ್ದೇವೆಯೇ?

ಸಂಜೆ ಅವನು ಬಂದು, “ಟೀಚರ್, ನನ್ನ ಹೆಸರು ತೆಗೆಯುತ್ತೀರಾ?” ಎಂದು ಕೇಳಿದ. ತೆಗೆಯುವುದಿಲ್ಲ ಎಂದೆ. ಅವನು ಅಲ್ಲೇ ನೆಲದ ಮೇಲೆ ಕುಳಿತು, ನಾನು ಕೊಟ್ಟ ಹತ್ತು ಲೆಕ್ಕಗಳಲ್ಲಿ ಒಂಬತ್ತನ್ನು ಬಿಡಿಸಿದ. ಹತ್ತನೆಯದನ್ನು ಮನೆಗೆ ಒಯ್ದಿದ್ದಾನೆ.